ಬೆಳಿಗ್ಗೆ ಮರಳುಗಾಡು, ಸಂಜೆ ರೈಲ್ವೆ ಸ್ಟೇಷನ್ನು

2024ರ ಮಾರ್ಚ್ 1, ಶುಕ್ರವಾರ. ಅವತ್ತು ಎರಡು ಸಿನಿಮಾ ಒಟ್ಟಿಗೆ ತೆರೆಗೆ ಬಂದವು. ಒಂದು ಡೆನಿಸ್ ವಿಲ್ನವ್ ನಿರ್ದೇಶನದ ‘ಡ್ಯೂನ್: ಪಾರ್ಟ್ ಟು’. ಇನ್ನೊಂದು ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’. ಒಂದರಲ್ಲಿ ರೈಲಿಗಿಂತ ಉದ್ದದ ಹುಳ, ಇನ್ನೊಂದರಲ್ಲಿ ಬರೀ ರೈಲು. ಆ ಭಾನುವಾರ ಕಲಬುರಗಿಯಲ್ಲಿ ಎರಡನ್ನೂ ನೋಡಿಬಿಟ್ಟೆ. ಬೆಳಿಗ್ಗೆ ಗೆಳೆಯನ ಜೊತೆ ಡ್ಯೂನ್, ಸಂಜೆ ಅವ್ವನ ಜೊತೆ ಲಾಪತಾ.

ಲೆಕ್ಕಕ್ಕೆ ನಾನು ನೋಡಿದ ಎರಡೂ ಹಿಂದಿ ಸಿನಿಮಾಗಳೇ. ನಮ್ಮೂರಿಗೆ ಹಾಲಿವುಡ್ ಬರುವುದು ಜಾಸ್ತಿ ಹಿಂದಿ ಮಾತಾಡಿಕೊಂಡೇ. ಆದರೆ ಅದು ಎಂಥ ಹಿಂದಿ! ನನ್ನ ಗೆಳೆಯನ ಮನೆಮಾತು ದಖನಿ, ಅಂದರೆ ನಮ್ಮ ಕಡೆಯ ಉರ್ದು, ಹುಟ್ಟಿದಾಗಿನಿಂದ ಅದನ್ನೇ ಆಡಿಕೊಂಡು ಬೆಳೆದವನು. ಹತ್ತು ನಿಮಿಷ ಕೇಳಿ, ಕಿವಿ ಹತ್ತಿರ ಬಗ್ಗಿ, ‘ಕ್ಯಾ ಬೋಲ್ರೈ ಕಿ, ಸಮಝ್ ಮೇ ನೈ ಆರಾ’ (ಏನು ಹೇಳ್ತಿದ್ದಾರೋ, ತಿಳೀತಾ ಇಲ್ಲ) ಅಂದ. ಪುರಾಣದ ಸೀರಿಯಲ್ಲಿನಲ್ಲಿ ಋಷಿಗಳು ಆಡುವ ಹಿಂದಿ ಅದು. ಅದನ್ನು ಬಿಳಿಯ ಮುಖದ ಹುಡುಗ ಆಡುತ್ತಿದ್ದರೆ ಎಲ್ಲಿ ನೋಡಬೇಕೋ ಗೊತ್ತಾಗುವುದಿಲ್ಲ.

ಮಾತು ಹೋಗಲಿ, ಹುಳ ನೋಡೋಣ ಅಂತ ಕೂತೆವು. ನಾಯಕ ಪಾಲ್ ಹುಳದ ಬೆನ್ನೇರುವ ದೃಶ್ಯ ಬಂತು. ಮರಳು ಕುಸಿಯುತ್ತದೆ, ನೆಲದೊಳಗಿಂದ ಗುಡುಗು ಏಳಬೇಕು. ನಮ್ಮ ಬಲಗಡೆಯ ಸ್ಪೀಕರಿನಿಂದ ಎದ್ದದ್ದು ಗೊರಗೊರ. ಹಳೇ ಕೂಲರ್ ಶುರು ಮಾಡಿದ ಹಾಗೆ. ಮುಂದಿನ ವರ್ಷ ಈ ಸಿನಿಮಾಗೆ ಎರಡು ಆಸ್ಕರ್ ಬಂತು. ಒಂದು ವಿಶುವಲ್ ಎಫೆಕ್ಟ್ಸಿಗೆ, ಇನ್ನೊಂದು ಧ್ವನಿಗೆ. ಸುದ್ದಿ ಓದಿ ನನಗೆ ಮೊದಲು ನೆನಪಾದದ್ದು ಆ ಕೂಲರೇ. ಎರಡು ಮುಕ್ಕಾಲು ಗಂಟೆ ಮರಳುಗಾಡು ನೋಡಿ ಹೊರಗೆ ಬಂದರೆ ಎದುರಿಗೆ ನಮ್ಮ ಬಿಸಿಲು. ಪಾರ್ಟ್ ತ್ರೀ ಅಲ್ಲೇ ಶುರುವಾದಂತಿತ್ತು.

ಸಂಜೆಯ ಕಥೆ ಬೇರೆ. ಸ್ಪೀಕರ್ ಗೊರಗೊರ ಅಂದರೂ ಲಾಪತಾಗೆ ಏನೂ ಆಗುತ್ತಿರಲಿಲ್ಲ. ಸೆರಗು ಮುಖದ ಮೇಲಿದ್ದ ಇಬ್ಬರು ಮದುವಣಗಿತ್ತಿಯರು ರೈಲಿನಲ್ಲಿ ಅದಲುಬದಲಾಗುತ್ತಾರೆ. ಫೂಲ್ ಎಂಬ ಹುಡುಗಿ ಯಾವುದೋ ಸ್ಟೇಷನ್ನಿನಲ್ಲಿ ಉಳಿದುಬಿಡುತ್ತಾಳೆ. ಅವಳಿಗೆ ಗಂಡನ ಊರಿನ ಹೆಸರು ನೆನಪಿಲ್ಲ, ಯಾವುದೋ ಹೂವಿನ ಹೆಸರಿನ ಊರು ಅಂತ ಮಾತ್ರ ಗೊತ್ತು. ಗಂಡನ ಹೆಸರು ಗೊತ್ತು, ಆದರೆ ಬಾಯಿಬಿಟ್ಟು ಹೇಳಲು ಸಂಕೋಚ.

ಇಲ್ಲಿ ಅವ್ವ ನಕ್ಕಳು. ನಮ್ಮ ಕಡೆ ಗಂಡನ ಹೆಸರು ಹೇಳಬೇಕಾದರೆ ಒಡಪು ಕಟ್ಟಿ ಹೇಳುತ್ತಾರಲ್ವಾ, ಬರೀ ಹೆಸರು ಬಾಯಲ್ಲಿ ಬರುವುದಿಲ್ಲ. ಅವ್ವನಿಗೆ ಅಪ್ಪ ಇವತ್ತಿಗೂ ‘ಇವರು’, ನಮ್ಮ ಮುಂದೆ ‘ನಿಮ್ಮಪ್ಪ’. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಸುಮ್ನೆ ಕಾರ್ಡ್ ಮುಂದೆ ಹಿಡಿಯುತ್ತಾಳೆ. ಕೊನೆಯಲ್ಲಿ ಫೂಲ್ ಪ್ಲಾಟ್‌ಫಾರ್ಮಿನ ಜನರ ನಡುವೆ ಗಂಡನ ಹೆಸರು ಹಿಡಿದು ಕೂಗಿದಾಗ ಅವ್ವ ನನ್ನ ಮೊಣಕೈ ಹಿಡಿದುಕೊಂಡು, ‘ಕೂಗೇಬಿಟ್ಲಲ್ಲೋ!’ ಅಂದಳು. ಹಿಂದಿನ ಸಾಲಿನಲ್ಲೂ ಯಾರೋ ಅದನ್ನೇ ಅಂದರು. ಕಥೆ ಕೆಲವು ಕಡೆ ಸಲೀಸಾಗಿ ಜಾರುತ್ತದೆ ನಿಜ. ಪಾನ್ ಜಗಿಯುವ ಆ ಪೊಲೀಸ್ ಸಾಹೇಬ ಅಷ್ಟು ಬೇಗ ಒಳ್ಳೆಯವನಾಗುವುದು ಸಿನಿಮಾದಲ್ಲೇ ಸಾಧ್ಯ. ಆದರೆ ರವಿ ಕಿಶನ್ ಮಾಡಿದ್ದರಿಂದ ನಂಬಿಬಿಟ್ಟೆ.

ಆ ದಿನ ನನ್ನ ಮಟ್ಟಿಗೆ ಲಾಪತಾ ಗೆದ್ದಿತು, ದೊಡ್ಡ ಅಂತರದಲ್ಲೇ. ಆದರೆ ಡ್ಯೂನ್‌ಗೆ ಅನ್ಯಾಯ ಆಯಿತೇನೋ ಅಂತ ಕೊರೆಯುತ್ತಿತ್ತು. ಎರಡು ವಾರ ಬಿಟ್ಟು ಹೈದರಾಬಾದಿಗೆ ರೈಲು ಹತ್ತಿದೆ. ದೊಡ್ಡ ತೆರೆ, ಇಂಗ್ಲಿಷ್. ಅದೇ ಹುಳ ಬಂತು. ಈ ಸಲ ಕೂತ ಕುರ್ಚಿಯೇ ನಡುಗಿತು, ಎದೆಯೊಳಗೆ ಏನೋ ಹೊಡೆದ ಹಾಗಾಯಿತು. ನಾನು ಮೊದಲು ನೋಡಿದ್ದು ಈ ಸಿನಿಮಾ ಅಲ್ಲವೇ ಅಲ್ಲ. ರೈಲು, ಟಿಕೆಟ್ಟು, ಆಟೋ ಸೇರಿ ಜೇಬಿಗೆ ಚೆನ್ನಾಗಿಯೇ ಹೊಡೆತ ಬಿತ್ತು. ಬಿರಿಯಾನಿ ಇದರಲ್ಲಿ ಸೇರಿಸಿಲ್ಲ, ಅದು ಬೇರೆ ಖಾತೆ.

ಇದಕ್ಕೂ ಮೊದಲಿನ ವರ್ಷ, 2023ರ ಜುಲೈನಲ್ಲಿ, ನಮ್ಮೂರಲ್ಲಿ ‘ಓಪನ್‌ಹೈಮರ್’ ನೋಡಿದಾಗಲೂ ಥಿಯೇಟರ್ ಹೀಗೇ ಕೆಡಿಸಿತ್ತು. ಅದು ಮೂರು ಗಂಟೆಯ ಸಿನಿಮಾ. ನಿರ್ದೇಶಕ ನೋಲನ್ ಅದರಲ್ಲಿ ಇಂಟರ್ವಲ್ ಇಟ್ಟಿಲ್ಲ, ನಮ್ಮ ಥಿಯೇಟರಿನವರು ಇಟ್ಟರು. ತೆರೆಯ ಮೇಲೆ ಒಬ್ಬ ಬಾಯಿ ತೆರೆದಿದ್ದ, ಮಾತು ಬರುವ ಮೊದಲೇ ದೀಪ ಹತ್ತಿತು. ಸಮೋಸ ತಿಂದು ಬಂದು ಕೂತಾಗ ಅವನು ಏನು ಹೇಳಲು ಹೊರಟಿದ್ದ ಅನ್ನುವುದೇ ಮರೆತಿತ್ತು. ಆಮೇಲೆ ಅಣುಬಾಂಬ್ ಸಿಡಿಯುವ ದೃಶ್ಯ. ಮೊದಲು ಬೆಳಕು ಮಾತ್ರ, ಉಸಿರಾಟ ಬಿಟ್ಟರೆ ಬೇರೆ ಸದ್ದಿಲ್ಲ. ಸ್ಫೋಟದ ಸದ್ದು ಎಷ್ಟೋ ಹೊತ್ತಿನ ಮೇಲೆ ಬರುತ್ತದೆ. ಆ ಮೌನದಲ್ಲಿ ಹಿಂದಿನಿಂದ ಒಂದು ದನಿ: ‘ಪಿಚ್ಚರ್‌ದಾಗ ಇದೀನ್ರೀ ಕಾಕಾ, ಆಮ್ಯಾಲ ಮಾಡ್ತೀನಿ.’ ಏಳು ಆಸ್ಕರ್ ಗೆದ್ದ ಸಿನಿಮಾದಿಂದ ನನಗೆ ಗಟ್ಟಿಯಾಗಿ ಉಳಿದ ಡೈಲಾಗ್ ಅದೊಂದೇ.

ಅದೇ ಸೆಪ್ಟೆಂಬರಿನಲ್ಲಿ ‘ಜವಾನ್’ಗೆ ಹೋದಾಗ ಆ ಕಾಕಾ ಹತ್ತು ಸಲ ಫೋನ್ ಮಾಡಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ. ಶಾರುಖ್ ಒಬ್ಬರು ಸಿಕ್ಕಿಬಿದ್ದಾಗ ಇನ್ನೊಬ್ಬ ಶಾರುಖ್ ಬಂದು ಬಿಡಿಸುತ್ತಾರೆ, ಅಲ್ಲಿ ಇಂಟರ್ವಲ್. ಸಿಳ್ಳೆ ಹೊಡೆಯುತ್ತಲೇ ಜನ ಹೊರಗೆ ಬಂದರು. ಇಂಟರ್ವಲ್ ಹೇಗಿರಬೇಕು ಅಂತ ಹಿಂದಿಯವರಿಗೆ ಗೊತ್ತು. ಎರಡನೇ ಅರ್ಧ ಮಾತ್ರ ತುರುಕಿದ ಚೀಲ. ವೋಟು ಹಾಕುವ ಮೊದಲು ಪ್ರಶ್ನೆ ಕೇಳಿ ಅನ್ನುವ ಭಾಷಣ ಒಳ್ಳೆಯದೇ, ಆದರೆ ಅಷ್ಟು ಹೊತ್ತಿಗೆ ನನಗೆ ಸಾಕಾಗಿತ್ತು. ಮತ್ತೊಮ್ಮೆ ನೋಡುತ್ತೇನಾ? ಇಲ್ಲ.

ಆದರೆ ಹಿಂದಿ ಅಂದರೆ ಗದ್ದಲ, ಹಾಲಿವುಡ್ ಅಂದರೆ ಮೌನ ಅನ್ನುವ ನನ್ನ ಲೆಕ್ಕವನ್ನು ತಪ್ಪಿಸಿದ್ದು ‘ಟ್ವೆಲ್ತ್ ಫೇಲ್’. ವಿಧು ವಿನೋದ್ ಚೋಪ್ರಾ ಅವರದು, 2023ರ ಅಕ್ಟೋಬರಿನಲ್ಲಿ ಬಂದದ್ದು, ಯುಪಿಎಸ್‌ಸಿ ಪರೀಕ್ಷೆಗೆ ಓದುವ ಬಡ ಹುಡುಗನ ಕಥೆ. ನಾನು ಹೋದ ದಿನ ಅರ್ಧ ಹಾಲ್ ಖಾಲಿ. ಬಂದಿದ್ದವರಲ್ಲಿ ಬಹಳಷ್ಟು ಜನ ಬೆನ್ನಿಗೆ ಬ್ಯಾಗ್ ಹಾಕಿಕೊಂಡ ಹುಡುಗರು. ನಮ್ಮೂರಲ್ಲಿ ಪಿಎಸ್‌ಐ, ಕೆಎಎಸ್ ಅಂತ ರೂಮು ಮಾಡಿಕೊಂಡು ಓದುವವರು ಕಡಿಮೆ ಏನಿಲ್ಲ. ವಿಕ್ರಾಂತ್ ಮ್ಯಾಸ್ಸಿ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಾ, ಮೈತುಂಬ ಹಿಟ್ಟು ಮೆತ್ತಿಕೊಂಡು ಓದುವ ದೃಶ್ಯದಲ್ಲಿ ಒಬ್ಬರೂ ಸಿಳ್ಳೆ ಹಾಕಲಿಲ್ಲ. ಕಾಕಾನ ಫೋನೂ ಬರಲಿಲ್ಲ. ನೋಲನ್‌ಗೆ ಬೇಕಿದ್ದ ಮೌನ ಇಲ್ಲಿ ತಾನಾಗಿಯೇ ಬಂತು.

ಸಿನಿಮಾ ಮುಗಿದು ದೀಪ ಹತ್ತಿದ ಮೇಲೂ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಹೊರಗೆ ಬೈಕಿಗೆ ಕಿಕ್ ಹೊಡೆಯುತ್ತಾ ಒಬ್ಬ, ‘ನಿಂದು ಎಷ್ಟನೇ ಸಲ ಆತಲೇ ಇದು?’ ಅಂತ ಕೇಳಿದ. ಇನ್ನೊಬ್ಬ ಏನೂ ಹೇಳದೆ ಹಿಂದಿನ ಸೀಟು ಹತ್ತಿ ಬ್ಯಾಗನ್ನು ಎದೆಗೆ ಹಾಕಿಕೊಂಡ.