ಬೇಕ್ಡ್ ಪಾಸ್ತಾಗೆ ಓಟಿಜಿ ಬೇಕಾ? 28 ಲೀಟರಿನದು ಬಳಸಿ ಹೇಳುತ್ತಿದ್ದೇನೆ

ಮನೆಯಲ್ಲಿ ಮೈಕ್ರೋವೇವ್ ಇದೆ, ಅದರಲ್ಲೇ ಬೇಕ್ಡ್ ಪಾಸ್ತಾ ಆಗಲ್ವಾ ಅಂತ ನನ್ನ ತಂಗಿ ಕೇಳುತ್ತಾಳೆ. ಆಗುವುದಿಲ್ಲ. ಬರೀ ಮೈಕ್ರೋವೇವ್‌ನಲ್ಲಿ ಚೀಸ್ ಕರಗುತ್ತದೆ, ಕೆಂಪಗಾಗುವುದಿಲ್ಲ. ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು, ಅಂಚಿನಲ್ಲಿ ಗರಿಗರಿ ಕಟ್ಟದಿದ್ದರೆ ಅದು ವೈಟ್ ಸಾಸ್ ಪಾಸ್ತಾ, ಅಷ್ಟೇ. ಆ ಕೆಂಪು ಬಣ್ಣಕ್ಕೆ ಮೇಲಿನಿಂದ ನೇರವಾಗಿ ಉರಿ ತಾಗಬೇಕು. ಓಟಿಜಿ ಅಂದರೆ ಓವನ್-ಟೋಸ್ಟರ್-ಗ್ರಿಲ್; ಅದರೊಳಗೆ ಮೇಲೆ ಇರುವ ಬಿಸಿಯಾಗುವ ರಾಡ್ ಮಾಡುವುದು ಅದನ್ನೇ.

ನಮ್ಮ ಮನೆಯದು 28 ಲೀಟರಿನದು, 1500 ವ್ಯಾಟ್. ನಾಲ್ಕೈದು ಜನರ ಮನೆಗೆ ಈ ಅಳತೆ ಸರಿ. ಇದಕ್ಕಿಂತ ತೀರಾ ಚಿಕ್ಕದು ಕೊಳ್ಳಬೇಡಿ. ಒಂಬತ್ತು ಹತ್ತು ಲೀಟರಿನದರಲ್ಲಿ ರಾಡ್ ಪಾತ್ರೆಗೆ ತೀರಾ ಹತ್ತಿರ ಇರುತ್ತದೆ. ನಡುವಿನ ಪಾಸ್ತಾ ಬಿಸಿಯಾಗುವ ಮೊದಲೇ ಮೇಲಿನ ಚೀಸ್ ಸೀದುಹೋಗುತ್ತದೆ. ಅಂಗಡಿಯಲ್ಲಿ ನೋಡುವಾಗ ಒಂದು ವಿಷಯ ಮಾತ್ರ ಕೇಳಿ: ಮೇಲಿನ ರಾಡ್ ಒಂದನ್ನೇ ಉರಿಸಲು ಬರುತ್ತದಾ? ಬರದಿದ್ದರೆ ಬೇಡ. ಪ್ಲಗ್ ಹಾಕಲು ಗೀಸರ್‌ಗೆ ಇರುವಂಥ 16 ಆಂಪಿನ ಸಾಕೆಟ್ ಬೇಕು. ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಸಿಕ್ಕಿಸಬೇಡಿ.

ನನ್ನ ದೊಡ್ಡ ದೂರು ಉಷ್ಣತೆಯ ನಾಬ್ ಬಗ್ಗೆ. 180 ಡಿಗ್ರಿಗೆ ತಿರುಗಿಸಿದರೂ ಒಳಗೆ ಅಷ್ಟು ಬಿಸಿ ಇರುವುದಿಲ್ಲ. ಓವನ್ ಥರ್ಮಾಮೀಟರ್ ತಂದು ಒಳಗೆ ನೇತುಹಾಕಿದ ಮೇಲೆಯೇ ಇದು ಗೊತ್ತಾಗಿದ್ದು. ಈಗ ನಾಬ್ 200ರ ಹತ್ತಿರ ಇಟ್ಟರೆ ಒಳಗೆ 180 ಸಿಗುತ್ತದೆ. ನೀವು ಯಾವ ಕಂಪನಿಯದು ತಂದರೂ ಈ ಥರ್ಮಾಮೀಟರ್ ಜೊತೆಗೇ ತನ್ನಿ. ಇನ್ನು ಹೊರಮೈ ಕೂಡ ಜಾಸ್ತಿ ಕಾಯುತ್ತದೆ. ಗೋಡೆಯಿಂದ ದೂರ ಇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಈಗ ಪಾಸ್ತಾ. ಎಷ್ಟೇ ಒಳ್ಳೆ ಓಟಿಜಿ ಇದ್ದರೂ ಸಾಸ್ ಗಟ್ಟಿಯಾದರೆ ಎಲ್ಲಾ ವ್ಯರ್ಥ. 250 ಗ್ರಾಂ ಪೆನ್ನೆಗೆ (ಕೊಳವೆಯಂಥ ಪಾಸ್ತಾ) 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ, 700 ಮಿಲಿ ಹಾಲು. ನಾನು ತರುವುದು ನಂದಿನಿ ಶುಭಂ. ಅದರಲ್ಲಿ ಕೊಬ್ಬು 4.5%, ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ 3%. ಆ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತದೆ, ಕ್ರೀಮ್ ಡಬ್ಬಿಯ ಅಗತ್ಯವೇ ಬೀಳುವುದಿಲ್ಲ. ಮೈದಾವನ್ನು ಬೆಣ್ಣೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಮಾತ್ರ ಹುರಿಯಿರಿ, ಬಣ್ಣ ತಿರುಗಬಾರದು. ತಣ್ಣನೆ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕೈಬಿಡದೆ ತಿರುವಿ. ಸಾಸ್ ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು ಇರುವಾಗಲೇ ಒಲೆ ಆರಿಸಿ. ಇಷ್ಟು ತೆಳುವಾ ಅಂತ ಅನ್ನಿಸುತ್ತದೆ, ಹೆದರಬೇಡಿ. ಒಳಗೆ ಹೋದ ಮೇಲೆ ಅರೆಬೆಂದ ಪಾಸ್ತಾ ಆ ಸಾಸನ್ನು ಕುಡಿಯುತ್ತದೆ. ಆಮೇಲೆ ಆರುವಾಗ ಮೈದಾ ಇನ್ನಷ್ಟು ಬಿಗಿಯುತ್ತದೆ.

ಕೊನೆಗೆ ಜಾಯಿಕಾಯಿ, ಒಂದು ಚಿಟಿಕೆ ತುರಿದು ಹಾಕಿ. ಇಟಲಿಯವರೂ ಈ ಸಾಸ್‌ಗೆ ಹಾಕುವುದು ಇದನ್ನೇ. ನನ್ನ ತವರು ಶಿರಸಿ ಕಡೆ, ಅಲ್ಲಿ ಅಡಿಕೆ ತೋಟದೊಳಗೆ ಜಾಯಿಕಾಯಿ ಮರ ಇರುತ್ತದೆ. ಅಮ್ಮ ಕಳಿಸುವ ಇಡೀ ಕಾಯಿಯನ್ನು ಆಗಲೇ ತುರಿದರೆ ಬರುವ ಘಮ, ಪುಡಿ ಡಬ್ಬಿಯಲ್ಲಿ ಬರುವುದಿಲ್ಲ.

ಪಾಸ್ತಾ ಡ್ಯೂರಮ್ ಗೋಧಿ ರವೆಯದ್ದೇ ಇರಲಿ. ಮೈದಾದ ಪಾಸ್ತಾ ಎರಡು ಸಲ ಬೇಯುವುದನ್ನು ತಾಳಿಕೊಳ್ಳುವುದಿಲ್ಲ, ಮುದ್ದೆಯಾಗುತ್ತದೆ. ನಮ್ಮ ಧಾರವಾಡ, ವಿಜಯಪುರದ ಕಡೆಯ ಬಿಜಗಾ ಗೋಧಿಯೂ ಡ್ಯೂರಮ್ ಜಾತಿಯದೇ. ಪ್ಯಾಕೆಟ್ ಮೇಲಿನ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಒಂದು ಪೆನ್ನೆ ಕಚ್ಚಿ ನೋಡಿ. ನಡುವೆ ಬಿಳಿ ಚುಕ್ಕೆ ಕಂಡರೆ ಸರಿಯಾಗಿದೆ, ಬಸಿಯಿರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಪಾಸ್ತಾ ಬೇಯಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ, ಹಾಗಾಗಿ ಗಡಿಯಾರಕ್ಕಿಂತ ಹಲ್ಲನ್ನೇ ನಂಬಿ.

ಮೇಲೆ ಉದುರಿಸಲು ಮೊಝರೆಲ್ಲಾ, ರುಚಿಗೆ ಸ್ವಲ್ಪ ಚೆಡ್ಡಾರ್. ಪ್ರೊಸೆಸ್ಡ್ ಚೀಸ್ ಕ್ಯೂಬ್ ಇದ್ದರೆ ಸಾಸ್ ಒಳಗೆ ಕರಗಿಸಿ, ಅಲ್ಲಿ ಅದು ಚೆನ್ನಾಗಿ ಬೆರೆಯುತ್ತದೆ. ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ನಮ್ಮತ್ತೆ ಮಾಂಸ ಮುಟ್ಟುವವರಲ್ಲ, ಅದಕ್ಕೇ ನಾನು ಹಸಿರು ಚುಕ್ಕೆ ಇರುವ ಚೀಸ್ ಮಾತ್ರ ತರುತ್ತೇನೆ. ದೊಣ್ಣೆಮೆಣಸು, ಅಣಬೆಯ ನೀರು ಪೂರ್ತಿ ಆರುವವರೆಗೆ ಹುರಿದೇ ಸೇರಿಸಿ.

ಮೊದಲೇ ಕಾಯಿಸಿದ ಓಟಿಜಿಯಲ್ಲಿ ಎರಡೂ ರಾಡ್ ಉರಿಸಿ, ಒಳಗಿನ ಬಿಸಿ 180 ಇರುವಂತೆ 20 ನಿಮಿಷ. ಅಂಚಿನಲ್ಲಿ ಸಾಸ್ ಗುಳ್ಳೆ ಏಳುತ್ತದೆ. ಆಗ ಪಾತ್ರೆಯನ್ನು ಮೇಲಿನ ತಟ್ಟೆಗೆ ಏರಿಸಿ, ಮೇಲಿನ ರಾಡ್ ಮಾತ್ರ ಉರಿಸಿ. ನಾಲ್ಕೈದು ನಿಮಿಷ ಅಲ್ಲಿಂದ ಕದಲಬೇಡಿ. ಚೀಸ್ ಮೊದಲು ಹೊಳೆಯುತ್ತದೆ, ಆಮೇಲೆ ಉಬ್ಬುತ್ತದೆ, ಉಬ್ಬಿದ ತಲೆಗಳೇ ಮೊದಲು ಕೆಂಪಗಾಗುತ್ತವೆ. ಅಲ್ಲಿಂದ ಕಪ್ಪಾಗಲು ಒಂದು ನಿಮಿಷ ಸಾಕು. ನಮ್ಮದರಲ್ಲಿ ಹಿಂದಿನ ಎಡ ಮೂಲೆ ಬೇಗ ಕೆಂಪಗಾಗುತ್ತದೆ, ಹಾಗಾಗಿ ನಡುವೆ ಪಾತ್ರೆ ತಿರುಗಿಸುತ್ತೇನೆ.

ಹೊರತೆಗೆದು ಹತ್ತು ನಿಮಿಷ ಬಿಟ್ಟು ಬಡಿಸಿ, ತುಂಡು ಚೆನ್ನಾಗಿ ಏಳುತ್ತದೆ. ಉಳಿದಿದ್ದನ್ನು ಮಾರನೇ ದಿನ ಬಿಸಿ ಮಾಡುವಾಗ ಎರಡು ಚಮಚ ಹಾಲು ಚಿಮುಕಿಸಿ, ಫಾಯಿಲ್ ಮುಚ್ಚಿ, 150ರಲ್ಲಿ ಇಡಿ. ಫಾಯಿಲ್ ರಾಡ್‌ಗೆ ತಾಗದಂತೆ ಅಂಚನ್ನು ಬಿಗಿಯಾಗಿ ಮಡಚಿ.