ಓದಿ ಬಂದವರಿಗೆ ಮಾತು: ಹಾಸನದ ಸಾಹಿತ್ಯ ಬಳಗವೊಂದರ ಸದಸ್ಯೆಯ ವಿಮರ್ಶೆ

ಹಾಸನದಲ್ಲಿ ಸಾಹಿತ್ಯ ಕಾರ್ಯಕ್ರಮಗಳಿಗೆ ಬರವಿಲ್ಲ. ದತ್ತಿ ಉಪನ್ಯಾಸ, ಕವಿಗೋಷ್ಠಿ, ಪುಸ್ತಕ ಬಿಡುಗಡೆ ಎಂದು ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಆದರೆ ಎಲ್ಲರೂ ಒಂದೇ ಪುಸ್ತಕವನ್ನು ಓದಿಕೊಂಡು ಬಂದು, ಸುತ್ತ ಕುಳಿತು, ಪುಟ ತೆರೆದು ಮಾತನಾಡುವ ಜಾಗ ನನಗೆ ಸಿಕ್ಕಿದ್ದು ಈ ಬಳಗದಲ್ಲಿ ಮಾತ್ರ. ಸೇರಿ ಹಲವು ವರ್ಷಗಳಾದವು. ಸೇರಬೇಕೇ ಬೇಡವೇ ಎಂದು ವಿಚಾರಿಸುವವರಿಗಾಗಿ ಬರೆಯುತ್ತಿದ್ದೇನೆ.

ವರ್ಷದ ಚಂದಾ 300 ರೂಪಾಯಿ, ವಿದ್ಯಾರ್ಥಿಗಳಿಗೆ ಅದೂ ಇಲ್ಲ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಕೃತಿ ಚರ್ಚೆ, ಆಗೊಮ್ಮೆ ಈಗೊಮ್ಮೆ ಲೇಖಕರೊಂದಿಗೆ ಸಂವಾದ. ಚರ್ಚೆಗೆ ಇರುವುದು ಒಂದೇ ನಿಯಮ: ಪುಸ್ತಕ ಓದದೆ ಬಂದವರು ಕುಳಿತು ಕೇಳಬಹುದು, ಅಭಿಪ್ರಾಯ ಹೇಳುವಂತಿಲ್ಲ. ಊರಿನಲ್ಲಿ ಎಲ್ಲರೂ ಗೌರವಿಸುವ ಹಿರಿಯರೊಬ್ಬರು ಒಮ್ಮೆ ಲೇಖಕರ ಜೊತೆಗಿನ ತಮ್ಮ ಒಡನಾಟದ ಬಗ್ಗೆ ಮಾತು ತೆಗೆದಾಗ, ನಡೆಸಿಕೊಡುತ್ತಿದ್ದ ಹುಡುಗಿ ವಿನಯದಿಂದಲೇ "ಸರ್, ತಾವು ಈ ಪುಸ್ತಕ ಓದಿದ್ದೀರಾ?" ಎಂದು ಕೇಳಿದಳು. ಅವರು ಅಲ್ಲಿಗೇ ನಿಲ್ಲಿಸಿದರು. ಮುಂದಿನ ತಿಂಗಳು ಓದಿಕೊಂಡು ಬಂದರು. ನಾನು ಈ ಬಳಗವನ್ನು ನಂಬುವುದು ಇಂಥ ನೇರತನಕ್ಕಾಗಿ.

ಎಸ್.ಎಲ್. ಭೈರಪ್ಪನವರ 'ಗೃಹಭಂಗ'ದ ಚರ್ಚೆಯನ್ನು ನಾನು ಮರೆಯಲಾರೆ. 1970ರ ಕಾದಂಬರಿ, ಬರೆದವರು ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಕಾಲೇಜಿನಲ್ಲಿದ್ದಾಗ ಅದನ್ನು ಓದಿ ಅತ್ತಿದ್ದೆನೇ ಹೊರತು, ಕಥಾನಾಯಕಿ ನಂಜಮ್ಮ ಗಂಡನ ಶಾನುಭೋಗಿಕೆಯ (ಊರಿನ ಜಮೀನು, ಕಂದಾಯಗಳ ಲೆಕ್ಕ ಇಡುವ ಹುದ್ದೆ) ಲೆಕ್ಕ ಬರೆಯುತ್ತಾಳಲ್ಲ, ಆ ಕೆಲಸ ಎಂಥದು ಎಂದು ಯೋಚಿಸಿಯೇ ಇರಲಿಲ್ಲ. ಅಂದು ಕಂದಾಯ ಇಲಾಖೆಯಿಂದ ನಿವೃತ್ತರಾದ ಸದಸ್ಯರೊಬ್ಬರು ತಮ್ಮ ತಾತ ಬರೆದ ಹಳೆಯ ಲೆಕ್ಕದ ಪುಸ್ತಕವನ್ನೇ ತಂದಿದ್ದರು. ಯಾವ ಜಮೀನು ಯಾರ ಹೆಸರಿನಲ್ಲಿದೆ, ಏನು ಬೆಳೆ, ಎಷ್ಟು ಕಂದಾಯ, ಎಷ್ಟು ಬಾಕಿ ಎಂದು ಕೈಯಲ್ಲೇ ಗೆರೆ ಹಾಕಿ ತುಂಬಿದ ಹಾಳೆಗಳು. ಜಮಾಬಂದಿಗೆ, ಅಂದರೆ ಮೇಲಧಿಕಾರಿಗಳು ವರ್ಷಕ್ಕೊಮ್ಮೆ ಮಾಡುವ ಲೆಕ್ಕದ ತಪಾಸಣೆಗೆ, ಮೊದಲು ಇದೆಲ್ಲ ಮುಗಿದಿರಬೇಕು, ಒಂದು ಮೊತ್ತ ತಪ್ಪಿದರೆ ಪೂರ್ತಿ ಮತ್ತೆ ಕೂಡಬೇಕು ಎಂದು ವಿವರಿಸಿದರು. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ಕೊನೆಗೊಂಡವು. ನಮ್ಮಲ್ಲಿ ಹೆಚ್ಚಿನವರು ಅಂಥ ಪುಸ್ತಕವನ್ನು ಕಣ್ಣಲ್ಲಿ ಕಂಡವರೇ ಅಲ್ಲ. ಬರೆಯುವ ಕೈ ಹೆಂಡತಿಯದು, ರುಜು ಗಂಡನದು ಎಂಬುದರ ಭಾರ ನನಗೆ ತಟ್ಟಿದ್ದು ಆ ಹಾಳೆಗಳನ್ನು ಮುಟ್ಟಿದ ಮೇಲೆ.

ಬಳಿಕ ಕಾದಂಬರಿಯಲ್ಲಿ ಬರುವ ಪ್ಲೇಗಿನ ಮಾತು ಬಂತು. ಇಲಿ ಸತ್ತು ಬಿದ್ದರೆ ಊರಿಗೆ ಊರೇ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ತಾಯಿಯ ಬಾಯಲ್ಲಿ ಕೇಳಿದ್ದ ಅಜ್ಜಿಯೊಬ್ಬರು ಹೇಳಿದರು. ನಂಜಮ್ಮನ ಸಹನೆಯನ್ನು ಕಾದಂಬರಿ ಮೆಚ್ಚುತ್ತದೆಯೇ, ಇಲ್ಲ ಬರೀ ತೋರಿಸುತ್ತದೆಯೇ ಎಂದು ಇಬ್ಬರು ಡಿಗ್ರಿ ವಿದ್ಯಾರ್ಥಿನಿಯರು ಪಟ್ಟು ಹಿಡಿದು ವಾದಿಸಿದರು. ತೋರಿಸುತ್ತದೆ ಅಷ್ಟೇ ಎಂದು ನಾನು ವಾದಿಸಿದೆ. ಈಗಲೂ ನನ್ನ ನಿಲುವು ಅದೇ.

ಲೇಖಕರ ಸಂವಾದಗಳ ಬಗ್ಗೆ ಇಷ್ಟೇ ಉತ್ಸಾಹದಿಂದ ಹೇಳಲಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಫಲತಾಂಬೂಲ, ಅಧ್ಯಕ್ಷೀಯ ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಅಷ್ಟು ದೂರದಿಂದ ಬಂದ ಲೇಖಕರಿಗೆ ಉಳಿಯುವುದು ಅರ್ಧ ಗಂಟೆ. ಪ್ರಶ್ನೋತ್ತರ ಕಾವೇರುವಾಗಲೇ ಬೇಲೂರು, ಅರಕಲಗೂಡು ಕಡೆಯವರು ಬಸ್ಸಿಗಾಗಿ ಎದ್ದು ಹೋಗಬೇಕು. ಇದನ್ನು ಸಭೆಯಲ್ಲೂ ಹೇಳಿದ್ದೇನೆ. ಶಾಲು ಹೊದಿಸಿಯೇ ಗೌರವ ತೋರಬೇಕೇ? ಪುಸ್ತಕವನ್ನು ಗಮನವಿಟ್ಟು ಓದಿ ಒಂದು ಒಳ್ಳೆಯ ಪ್ರಶ್ನೆ ಕೇಳಿದರೆ ಯಾವ ಲೇಖಕರ ಮುಖವೂ ಅರಳುತ್ತದೆ, ಅದನ್ನು ಇಲ್ಲಿಯೇ ನೋಡಿದ್ದೇನೆ. ಚರ್ಚೆ ಮೊದಲು, ಅದೇ ಪುಸ್ತಕದ ಲೇಖಕರು ಮುಂದಿನ ತಿಂಗಳು ಎಂಬ ಕ್ರಮವನ್ನು ಕೆಲವು ಸಲ ಪಾಲಿಸಿದರು. ಆ ಸಂವಾದಗಳೆಲ್ಲ ಚೆನ್ನಾಗಿದ್ದವು. ಅದನ್ನೇ ಖಾಯಂ ಮಾಡಬೇಕು.

2025ರ ಮೇ ತಿಂಗಳಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಯೊಂದಕ್ಕೆ ಈ ಪ್ರಶಸ್ತಿ ಸಂದದ್ದು ಅದೇ ಮೊದಲು. ನಂತರದ ಚರ್ಚೆಗೆ ಕುರ್ಚಿ ಸಾಲದಷ್ಟು ಜನ ಬಂದರು. ಅಭಿನಂದನೆಯ ಭಾಷಣಗಳಿಗೆ ಬೇರೆ ದಿನ ಇಟ್ಟುಕೊಳ್ಳೋಣ ಎಂದು ನಿರ್ವಾಹಕರು ಅಂದು ಒಂದೇ ಒಂದು ಕತೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ ಮಾತಿಗೆ ಬಿಟ್ಟರು. ಓದಿಲ್ಲದವರೂ ಅಲ್ಲೇ ಕೇಳಿ ಮಾತನಾಡುವಂತಾಯಿತು. ಹಾಗೆ ಬಂದ ಹೊಸಬರಲ್ಲಿ ಕೆಲವರು ಇಂದಿಗೂ ತಪ್ಪದೆ ಬರುತ್ತಾರೆ.

ದೊಡ್ಡ ಕೊರತೆ ಪುಸ್ತಕದ್ದೇ. ಹಳೆಯ ಕೃತಿಗಳು ಊರಿನ ಅಂಗಡಿಗಳಲ್ಲಿ ಸಿಗುವುದಿಲ್ಲ, ಬೆಂಗಳೂರಿನಿಂದ ತರಿಸುವಷ್ಟರಲ್ಲಿ ಚರ್ಚೆಯ ದಿನ ಬಂದಿರುತ್ತದೆ. ಮೂರು ತಿಂಗಳ ಪಟ್ಟಿಯನ್ನು ಒಟ್ಟಿಗೆ ಪ್ರಕಟಿಸಿದರೆ ಇದು ಬಗೆಹರಿಯುತ್ತದೆ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಹಿಂದಿನ ಸಾಲಿಗೆ ಏನೂ ಕೇಳಿಸುವುದಿಲ್ಲ, ಮುಂದೆ ಕುಳಿತುಕೊಳ್ಳಿ.

ಹೊಸಬರು ಮೊದಲು ಸಂವಾದಕ್ಕಲ್ಲ, ಚರ್ಚೆಗೆ ಬನ್ನಿ. ಚಂದಾ ಕಟ್ಟುವ ಮುನ್ನ ಒಂದೆರಡು ಸಲ ಬಂದು ಕೂರಲು ಯಾರ ಅಭ್ಯಂತರವೂ ಇಲ್ಲ. ಪುಸ್ತಕ ಸಿಗದಿದ್ದರೆ ನಿರ್ವಾಹಕರಿಗೆ ತಿಳಿಸಿ. ಓದಿ ಮುಗಿಸಿದ ಸದಸ್ಯರೊಬ್ಬರ ಪ್ರತಿಯನ್ನು ಕೊಡಿಸುತ್ತಾರೆ, ಚರ್ಚೆಯ ದಿನ ಹಿಂದಿರುಗಿಸಿದರೆ ಸಾಕು.