ಹಸಿರುಗಟ್ಟಿದ ಕೆರೆಗೆ ‘ಸೊನ್ನೆ’ ಅಂದ ಕಿಟ್

ಐದರಲ್ಲಿ ಮೂರು ಸ್ಟಾರ್. ಮೊದಲು ಒಂದೇ ಕೊಡುವವನಿದ್ದೆ, ಉಳಿದ ಎರಡು ಆಮೇಲೆ ಸೇರಿದ್ದು.

ನಮ್ಮ ಮನೆ ಶಿರಸಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ. ತೋಟದ ತಲೆಗೆ ಒಂದು ಸಣ್ಣ ಕೆರೆ, ಬೇಸಿಗೆಯಲ್ಲಿ ಎದೆಮಟ್ಟದ ನೀರೂ ಇರುವುದಿಲ್ಲ. ಅಡಿಕೆಗೆ ಹನಿ ನೀರಾವರಿ ಅದರಿಂದಲೇ. ಮೂರು ವರ್ಷದಿಂದ ಶಿವರಾತ್ರಿ ಕಳೆಯುತ್ತಿದ್ದಂತೆ ನೀರು ಹಸಿರುಗಟ್ಟುತ್ತದೆ, ದಿನಕ್ಕೆರಡು ಸಲ ಫಿಲ್ಟರ್ ಬಿಚ್ಚಿ ತೊಳೆಯುವುದೇ ಕೆಲಸ. ಬೇಸತ್ತು ಆನ್‌ಲೈನ್‌ನಲ್ಲಿ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ (ಸಾರಜನಕದ್ದು), ಫಾಸ್ಫೇಟ್ (ರಂಜಕದ್ದು) ಅಳೆಯುವ ಕಿಟ್ ತರಿಸಿದೆ. 1,850 ರೂಪಾಯಿ. ಕಂಪನಿ ಹೆಸರು ಬೇಡ, ಮೀನು ಸಾಕುವವರಿಗೆ ಮಾರುವ ಬಣ್ಣದ ಕಾರ್ಡಿನ ಕಿಟ್ ಅದು.

ಬಂದಾಗಲೇ ಒಂದು ಬಾಟಲಿ ಸೋರಿ ಪೆಟ್ಟಿಗೆಯೆಲ್ಲ ಅಂಟಂಟು. ನೈಟ್ರೇಟಿನ ಎರಡನೇ ಬಾಟಲಿಯಲ್ಲಿ ಪುಡಿ ತಳ ಹಿಡಿದಿರುತ್ತದೆ. ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ನೀರಲ್ಲಿ ಎಷ್ಟಿದ್ದರೂ ಕಡಿಮೆಯೇ ತೋರಿಸುತ್ತದೆ. ಈ ಮುಖ್ಯ ಮಾತನ್ನು ಇರುವೆಯಂಥ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ, ಕನ್ನಡಕ ಹಾಕಿದರೂ ಕಾಣುವುದಿಲ್ಲ.

ಮಾರ್ಚ್ ಎರಡನೇ ವಾರ ದಂಡೆಯಲ್ಲಿ ಕೂತು ಪರೀಕ್ಷೆ ಮಾಡಿದೆ. ನೀರು ಬಣ್ಣದ ಡಬ್ಬಿ ಚೆಲ್ಲಿದಂತಿತ್ತು, ಗಾಳಿ ತಳ್ಳಿದ ಕಡೆ ಕೆನೆಕೆನೆಯಾಗಿ ಪಾಚಿ. ಕಿಟ್ ಏನು ಹೇಳಿತು? ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಮತ್ತೆ ಮಾಡಿದೆ, ಮತ್ತೂ ಸೊನ್ನೆ. ಸಹಾಯವಾಣಿಗೆ ಫೋನ್ ಮಾಡಿದರೆ ಆ ಹುಡುಗ, “ಸರ್, ನಿಮ್ಮ ನೀರು ತುಂಬಾ ಚೆನ್ನಾಗಿದೆ” ಎಂದ. ಆ ಚೆನ್ನಾದ ನೀರನ್ನು ನಾನು ದನಕ್ಕೂ ಕುಡಿಸುತ್ತಿರಲಿಲ್ಲ.

ತಂಗಿಯ ಮಗಳು ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಾಳೆ. ಅವಳಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. “ಮಾವಾ, ಸೊನ್ನೆ ಅಂದ್ರೆ ಇಲ್ಲೆ ಹೇಳಿ ಅಲ್ಲ. ಎಲ್ಲ ಪಾಚಿ ಹೊಟ್ಟೇಲಿ ಇದ್ದು.” ಕಿಟ್ ಅಳೆಯುವುದು ನೀರಲ್ಲಿ ಕರಗಿರುವುದನ್ನು ಮಾತ್ರ. ಪಾಚಿ ಉಂಡು ಮುಗಿಸಿದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಕೊರತೆ: ಕಾರ್ಡಿನ ಮೊದಲ ಮೆಟ್ಟಿಲೇ ಲೀಟರಿಗೆ 0.25 ಮಿಲಿಗ್ರಾಂ ಫಾಸ್ಫೇಟ್. ಅಂದರೆ ಸುಮಾರು 0.08 ಮಿಲಿಗ್ರಾಂ ರಂಜಕ. ಕರಗಿದ್ದೂ ಪಾಚಿಯೊಳಗಿನದೂ ಕೂಡಿ ಒಟ್ಟು ರಂಜಕ 0.035 ದಾಟಿದರೆ ಸಾಕು, ಕೆರೆಯನ್ನು ‘ಉಂಡು ಹೆಚ್ಚಾದ’ (ಯೂಟ್ರೋಫಿಕ್, ಅಂದರೆ ಗೊಬ್ಬರ ಅತಿಯಾದ) ಸಾಲಿಗೆ ಸೇರಿಸುತ್ತಾರೆ. ಮಣ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗಾಯಿತು.

ದೀಪಾವಳಿಗೆ ಬಂದವಳು ಒಂದು ಬಾಟಲಿ ನೀರು ಒಯ್ದಿದ್ದಳು, ಆಗ ಕೆರೆ ತೆಳು ಚಹಾದ ಬಣ್ಣ. ಅದರಲ್ಲಿ ತುಂಬ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅವು ಚಿಪ್ಪು ಕಟ್ಟಿಕೊಳ್ಳಲು ಸಿಲಿಕಾ ಬೇಕು, ಅದು ಮಳೆಹಳ್ಳದ ಜೊತೆ ಬರುತ್ತದೆ. ಮಾರ್ಚಿನ ನೀರನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಫೋಟೋ ವಾಟ್ಸಾಪಿಗೆ ಕಳಿಸಿದಳು: ಜಪಸರದಂತೆ ಪೋಣಿಸಿದ ಮಣಿಗಳು, ನಡುನಡುವೆ ಒಂದೊಂದು ದಪ್ಪನೆಯ, ತಿಳಿಯಾದ ಮಣಿ. ಅನಬೀನಾ, ನೀಲಿ-ಹಸಿರು ಪಾಚಿಯ ಜಾತಿ. ಆ ದಪ್ಪ ಮಣಿಯೇ ಗಾಳಿಯ ಸಾರಜನಕ ಹಿಡಿಯುವ ಜಾಗ.

ಪಾಚಿಗೆ ಸಾಮಾನ್ಯವಾಗಿ ಒಂದು ಪಾಲು ರಂಜಕಕ್ಕೆ ತೂಕದಲ್ಲಿ ಏಳು ಪಾಲು ಸಾರಜನಕ ಬೇಕು (ಪರಮಾಣುಗಳ ಲೆಕ್ಕದಲ್ಲಿ 16ಕ್ಕೆ 1, ರೆಡ್‌ಫೀಲ್ಡ್ ಎಂಬವರ ಹೆಸರಿನ ಲೆಕ್ಕ). ರಂಜಕ ಸಾಕಷ್ಟಿದ್ದು ಸಾರಜನಕ ಮುಗಿದರೆ ಬೇರೆ ಪಾಚಿ ಸೊರಗುತ್ತವೆ, ಗಾಳಿಯಿಂದ ತಂದುಕೊಳ್ಳುವವರ ರಾಜ್ಯ ಶುರು. ಇದು ಗೊತ್ತಾಗಿ ನಾನು, ಕೆರೆಗೆ ನಾಲ್ಕು ಮುಷ್ಟಿ ಯೂರಿಯಾ ಎಸೆದರೆ ಹೇಗೆ ಎಂದು ಕೇಳಿ ಬೈಸಿಕೊಂಡೆ. ಯೂರಿಯಾ ಹಾಕಿದರೆ ಬೇರೆ ಜಾತಿ ಹೆಚ್ಚುತ್ತದೆ, ಹಸಿರು ಹೋಗುವುದಿಲ್ಲ. ಸಾರಜನಕ ತಡೆದರೂ ಸಾಲದು. ಕೆನಡಾದ ಒಂಟಾರಿಯೊದಲ್ಲಿ 227ನೇ ನಂಬರಿನ ಕೆರೆಗೆ 1969ರಿಂದ ಬೇಕೆಂದೇ ಗೊಬ್ಬರ ಹಾಕಿದರು, 1990ರಿಂದ ಸಾರಜನಕ ನಿಲ್ಲಿಸಿ ರಂಜಕ ಮಾತ್ರ ಹಾಕಿದರು. ಕೆರೆ ಹಸಿರಾಗಿಯೇ ಉಳಿಯಿತು. ಪಕ್ಕದ ಮನೆ ಭಾವ, ಅಡಿಕೆಯ ಕೊಳೆರೋಗದ ಔಷಧಕ್ಕೆ ತಂದ ಮೈಲುತುತ್ತು ಎಸೆ ಎಂದ. ಸತ್ತ ಪಾಚಿ ಒಳಗಿದ್ದ ವಿಷವನ್ನೂ ಗೊಬ್ಬರವನ್ನೂ ಅದೇ ನೀರಿಗೆ ಕಕ್ಕುತ್ತದೆ, ಮೀನೂ ಸಾಯುತ್ತವೆ. ಬೇಡ ಎಂದೆ.

ಹಾಗಾದರೆ ಆ ಎರಡು ಸ್ಟಾರ್ ಎಲ್ಲಿಂದ? ಕಿಟ್ಟನ್ನು ಕೆರೆ ಬಿಟ್ಟು, ಕೆರೆಗೆ ಬರುವ ನೀರಿಗೆ ಹಿಡಿದೆ. ಗೋಬರ್ ಗ್ಯಾಸಿನ ಬಗ್ಗಡದ ಗುಂಡಿ ತುಂಬಿ ಸೋರುವ ಸಣ್ಣ ಕಾಲುವೆ ಒಂದಿದೆ, ಅಪ್ಪನ ಕಾಲದ್ದು. ಅದರ ನೀರು ಟ್ಯೂಬಿನಲ್ಲಿ ಕಾರ್ಡಿನ ಕೊನೆಯ ನೀಲಿಗಿಂತಲೂ ಕಡುವಾಯಿತು. ಒಂದು ಪಾಲಿಗೆ ಒಂಬತ್ತು ಪಾಲು ಬ್ಯಾಟರಿಗೆ ಹಾಕುವ ಶುದ್ಧ (ಡಿಸ್ಟಿಲ್ಡ್) ನೀರು ಬೆರೆಸಿ ಮತ್ತೆ ನೋಡಿದೆ. 2 ಬಂತು, ಅಂದರೆ ಅಸಲು 20 ಮಿಲಿಗ್ರಾಂ ಫಾಸ್ಫೇಟ್, ಆರೂವರೆ ಮಿಲಿಗ್ರಾಂ ರಂಜಕ. ಕಾಗದದಲ್ಲಿ ಲೆಕ್ಕ ಹಾಕಿದೆ: ಇಂಥ ಒಂದು ಕೊಡ ನೀರು ನೂರೆಂಬತ್ತು ಕೊಡ ಶುದ್ಧ ನೀರನ್ನು ಆ 0.035ರ ಗೆರೆಗೆ ತಂದು ನಿಲ್ಲಿಸುತ್ತದೆ. ಅದು ದಿನವಿಡೀ ಹರಿಯುತ್ತಿತ್ತು.

ಈ ಕೆಲಸಕ್ಕೆ ಕಿಟ್ ಒಳ್ಳೆಯದು. ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ತೆಗೆದುಕೊಳ್ಳಿ, ಕೆರೆ ಶುದ್ಧವೋ ಅಲ್ಲವೋ ತೀರ್ಮಾನಿಸಲು ಬೇಡ. ಬಾಟಲಿ ಬಚ್ಚಲ ಗೂಡಿನಲ್ಲಿಡಬೇಡಿ, ನಮ್ಮನೆಯವಳು ಒಂದನ್ನು ಹಳೇ ಔಷಧ ಎಂದು ಎಸೆದುಬಿಟ್ಟಿದ್ದಳು.

ಕಾಲುವೆಯನ್ನು ಈಗ ಬಾಳೆ ಬುಡಕ್ಕೆ ತಿರುಗಿಸಿದ್ದೇನೆ. ಆದರೂ ಏಪ್ರಿಲ್‌ನಲ್ಲಿ ಕೆರೆ ಹಸಿರಾಯಿತು. ನಮ್ಮ ಕೆಂಪು ಮಣ್ಣಿನ ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದಂತೆ, ಬಿಸಿಲಿಗೆ ತಳದ ಹೂಳಿನಲ್ಲಿ ಆಮ್ಲಜನಕ ಮುಗಿದಾಗ ಬಿಟ್ಟುಕೊಡುತ್ತದಂತೆ. ಇಷ್ಟು ಗಿಡ್ಡ ನೀರಿನಲ್ಲಿ ಅದು ಮೇಲೆ ಬರಲು ಎಷ್ಟು ಹೊತ್ತು? ಹೂಳು ತೆಗೆಯಲು ಜೆಸಿಬಿಯವನನ್ನು ಕೇಳಿದ್ದೇನೆ, ಮೇ ಕೊನೆಗೆ ಬರುತ್ತೇನೆ ಎಂದಿದ್ದಾನೆ. ಆ ಹೂಳು ತೋಟಕ್ಕೇ.